ಒಂಬತ್ತನೇ ಸಂಪುಟ

ಕುಶಿರೊ ಬಂದರಿನ ಶೀತಲಗೃಹಕ್ಕೆ ರಾತ್ರಿ ಕಾವಲು ನಾನು.
ಒಳಗೆ ನಲವತ್ತು ಟನ್ನು ಮೀನು ಕಣ್ಣು ತೆರೆದೇ ಮಲಗಿದೆ.
ಹೊರಗೆ ಮಂಜು, ದೀಪದ ಕಂಬವನ್ನು ನೆಕ್ಕಿ ನೆಕ್ಕಿ
ಅರ್ಧ ಮಾಡಿದೆ.
ನನ್ನ ಗೂಡಿನಲ್ಲಿ ಸೀಮೆಎಣ್ಣೆಯ ಒಲೆ, ಡಬ್ಬಿ ಕಾಫಿ,
ಸೆಣಬಿನ ದಾರ ಬಿಗಿದ ಹದಿಮೂರು ಪುಸ್ತಕ.

ಹದಿನಾಲ್ಕಿರಬೇಕಿತ್ತು. ‘ಒಂಬತ್ತು ಇಲ್ಲ, ಅದಕ್ಕೇ ಅಗ್ಗ’
ಅಂದಳು ಹಳೆ ಪುಸ್ತಕದಂಗಡಿಯ ಮುದುಕಿ,
ಗೆಣಸು ತೂಗಿದ ಹಾಗೆ ಕೈಯಲ್ಲೇ ತೂಗಿ ಕೊಡುತ್ತ.
‘ಉಪ್ಪುಮನೆ’.
ಇದರ ಸಿನಿಮಾ ಮೂರೂ ನೋಡಿದವನು ನಾನು,
ಕ್ಯಾಸೆಟ್ಟಿನ ಟೇಪು ಸುಕ್ಕಾಗುವ ತನಕ.
ಚಿತ್ರಕಥೆ ಓದಿರಲಿಲ್ಲ ಅಷ್ಟೆ.
ಗೊತ್ತಿರುವ ದೆವ್ವ ತಾನೆ, ಅಂದುಕೊಂಡೆ.

ಗೊತ್ತಿರಲಿಲ್ಲ.
ಸಿನಿಮಾದಲ್ಲಿ ಬಾಗಿಲು ತಾನಾಗಿ ತೆರೆಯುತ್ತಿತ್ತು,
ಅದಕ್ಕೂ ಮೊದಲು ಪಿಟೀಲು ಬಂದು ಸುಳಿವು ಕೊಡುತ್ತಿತ್ತು.
ಇಲ್ಲಿ ಸದ್ದಿಲ್ಲ. ಪುಟದ ಕೊನೆಯ ಚೌಕದಲ್ಲಿ
ಒಂದು ಕದ, ಕದದ ಸಂದಿಯಲ್ಲಿ ನಾಲ್ಕು ಬೆರಳು.
ತೆರೆಯಬೇಕಾದವನು ನಾನೇ.
ನನ್ನ ಹೆಬ್ಬೆರಳೇ ಅಗುಳಿ.
ಕಾಫಿ ಆರುವ ತನಕ ಕೂತೆ
ಒಂದು ಹಾಳೆಯ ಈಚೆ.

ಮತ್ತೆ ಈ ಶಿಗೆ. ತೆರೆಯ ಮೇಲೆ ಹತ್ತೇ ನಿಮಿಷಕ್ಕೆ ಸತ್ತು
ಉಳಿದಷ್ಟು ಹೊತ್ತೂ ಕಿರುಚಿದವಳು,
ಇಲ್ಲಿ ನಾಲ್ಕು ಸಂಪುಟದುದ್ದ ಬದುಕಿದ್ದಾಳೆ.
ಅಕ್ಕಿ ತೊಳೆಯುತ್ತಾಳೆ, ತೊಳೆದ ನೀರು ಗಿಡಕ್ಕೆ ಹಾಕುತ್ತಾಳೆ,
ಅತ್ತೆಯ ಕಾಲುಚೀಲಕ್ಕೆ ಹೊಲಿಗೆ ಹಾಕುತ್ತಾಳೆ,
ನೆರೆಯವಳಿಗೆ ಹಿಡಿ ಉಪ್ಪು ಕಡ ಕೊಟ್ಟು
ವಾಪಸು ಕೇಳಲು ನಾಚುತ್ತಾಳೆ.
ಏನಾಗಲಿದೆಯೆಂದು ನನಗೆ ಗೊತ್ತು. ಅವಳಿಗಿಲ್ಲ.
‘ಏಳೇ, ಆ ಮನೆ ಬಿಡೇ’ ಅಂದೆ ಗಟ್ಟಿಯಾಗಿ,
ಒಲೆಯ ಹೊರತು ಯಾರೂ ಕೇಳಲಿಲ್ಲ.

ಅವಳ ಕೂದಲನ್ನು ಒಂದೊಂದೇ ಎಳೆದಿದ್ದಾನೆ ಚಿತ್ರಕಾರ.
ಎಷ್ಟು ರಾತ್ರಿ ಕೂತಿದ್ದನೋ,
ಬೆನ್ನ ಹಿಂದೆ ಯಾರಿದ್ದರೋ ಅವನಿಗೆ.
ಮೂರನೆಯದರಲ್ಲಿ ಯಾರದೋ ಸಾರಿನ ಕಲೆ.
ಆರನೆಯದರಲ್ಲಿ, ದೊಡ್ಡ ಚಿತ್ರದ ಮುಖದ ಮೇಲೆ,
ಮೊಲದ ಸ್ಟಿಕರ್ರು:
ಯಾವ ಮಗುವೋ ಹೆದರಿ ಅಂಟಿಸಿದ್ದು.
ಕಿತ್ತು ನೋಡಲಿಲ್ಲ ನಾನು. ನಲವತ್ತೆಂಟು ವಯಸ್ಸು ನನಗೆ.

ಆದರೆ ಕೊಡೆ ಎಲ್ಲಿ?
ಸತ್ತ ಶಿಗೆ ಮೆಟ್ಟಿಲಿಳಿದು ಬರುವಾಗ ಹಿಡಿದ ಕೆಂಪು ಕೊಡೆ,
ಮಳೆಯಿಲ್ಲದ ರಾತ್ರಿ ತೊಟ್ಟಿಕ್ಕುವ ಕೊಡೆ,
ನಾನು ಇಷ್ಟು ವರ್ಷ ಕನಸಿನಲ್ಲಿ ಕಂಡದ್ದು?
ಕಪ್ಪುಬಿಳುಪಿನಲ್ಲಿ ಕೆಂಪು ಕಾಣದು, ಸರಿ.
ಕೊಡೆಯಾದರೂ ಬೇಡವೆ?
ಹದಿಮೂರನ್ನೂ ಮತ್ತೆ ಬಲದಿಂದ ಎಡಕ್ಕೆ ಜಾಲಾಡಿದೆ.

ಆರು ಗಂಟೆಗೆ ಒಬಿಹಿರೊದ ಅಕ್ಕನಿಗೆ ಫೋನು ಮಾಡಿದೆ.
ಶಾಲೆಯ ಅಡುಗೆಮನೆಯಲ್ಲಿದ್ದಳು ಕಿನುಯೆ,
ಆಲೂಗಡ್ಡೆ ಬಕೆಟ್ಟಿಗೆ ಬೀಳುವ ಸದ್ದು.
‘ಕೊಡೆಯಾ? ಸಿನಿಮಾದಲ್ಲೂ ಇರಲಿಲ್ಲವೋ, ಇಸಾಮು.
ನಿನ್ನ ಕಣ್ಣು ಮುಚ್ಚಿದ್ದು ನನ್ನ ಬಲಗೈ,
ನನ್ನ ಕಣ್ಣು ಮುಚ್ಚಿದ್ದು ಎಡಗೈ.
ಅಮ್ಮ ರಾತ್ರಿ ಪಾಳಿಯಲ್ಲಿ. ನನಗಿನ್ನೂ ಒಂಬತ್ತು.
ಆಮೇಲೆ, ಆಮೇಲೆ ಅಂತ ನೀನು ಗಂಟುಬಿದ್ದೆ.
ಏನಾದರೂ ಹೇಳಬೇಕಿತ್ತಲ್ಲ.’

‘ಪ್ರತಿ ಸಲವೂ?’

‘ಪ್ರತಿ ಸಲವೂ. ಇವತ್ತಿಗೂ ನೋಡಿಲ್ಲ ನಾನು
ಅವಳ ಮುಖ. ಹೇಗಿದೆ?’

ಮಂಜಿನೊಳಗಿಂದ ಮೊದಲ ಲಾರಿ ಹಾರನ್ನು ಹೊಡೆಯಿತು.
‘ಕೆಲಸ ಮುಗಿಯದವಳ ಮುಖ’ ಅಂದೆ.
ಅವಳು ನಕ್ಕಳೋ, ಇನ್ನೊಂದು ಆಲೂಗಡ್ಡೆ ಬಿತ್ತೋ.
ಒಂಬತ್ತು ಸಿಕ್ಕರೆ ಕಳಿಸುತ್ತೇನೆ, ಅಂತಲೂ ಅಂದೆ.

ಹುಡುಕುತ್ತಿಲ್ಲ.
ಎಂಟರ ಕೊನೆಗೆ ಶಿಗೆ ಮೆಟ್ಟಿಲ ತುದಿಯಲ್ಲಿ ನಿಂತಿದ್ದಾಳೆ,
ಕೈ ಕಾಣುವುದಿಲ್ಲ.
ಹತ್ತರ ಮೊದಲ ಪುಟದಲ್ಲಿ
ನೆಲ ಒದ್ದೆ.